ಗರ ಬೀಳದಿದ್ದಾಗ

ಕಳೆದ ಆಷಾಢದಲ್ಲಿ ಮೂಡಿಗೆರೆಯ ಬಳಿ ನನ್ನ ತಂಗಿಯ ತೋಟದ ಮನೆಗೆ ಹೋದವನು ಮಳೆಗೆ ಸಿಕ್ಕಿ ನಾಲ್ಕು ದಿನ ಅಲ್ಲಿಯೇ ಉಳಿಯಬೇಕಾಯಿತು. ಮರ ಬಿದ್ದು ವಿದ್ಯುತ್ತು ನಿಂತಿತ್ತು. ಬೆಂಗಳೂರಿನಲ್ಲಿ ಓದುವ ಸೋದರಳಿಯ ಮೂವರು ಸಹಪಾಠಿಗಳನ್ನು ಕರೆತಂದಿದ್ದ. ಸಂಜೆಯಾಗುತ್ತಲೇ ಅವರು ಮೇಣದ ಬತ್ತಿ ಹಚ್ಚಿಕೊಂಡು ಊಟದ ಮೇಜಿನ ಸುತ್ತ ಕುಳಿತು ಒಂದು ಆಟಕ್ಕೆ ತೊಡಗುತ್ತಿದ್ದರು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದರ ವಂಶಕ್ಕೆ ಸೇರಿದ ಆಟ ಅದು. ಒಬ್ಬ ಸೂತ್ರಧಾರ, ಉಳಿದವರಿಗೆ ಒಂದೊಂದು ಪಾತ್ರ. ಕಥೆಯನ್ನು ಬಾಯಿಮಾತಿನಲ್ಲಿಯೇ ಕಟ್ಟಬೇಕು. ಬೀಗ ತೆರೆಯುವುದು, ಗೋಡೆ ಹತ್ತುವುದು, ಕಾವಲುಗಾರನನ್ನು ಮಾತಿನಿಂದ ಒಲಿಸುವುದು ಮುಂತಾದ ಸಂದಿಗ್ಧ ಕಾರ್ಯಕ್ಕೆ ಕೈಹಾಕಿದಾಗ ಮಾತ್ರ ಇಪ್ಪತ್ತು ಮುಖಗಳ ದಾಳವನ್ನು ಉರುಳಿಸಬೇಕು. ಬಿದ್ದ ಗರಕ್ಕೆ ಪಾತ್ರದ ನೈಪುಣ್ಯದ ಅಂಕವನ್ನು ಕೂಡಿಸಿದಾಗ ಸೂತ್ರಧಾರ ಗೊತ್ತುಮಾಡಿದ ಸಂಖ್ಯೆಯನ್ನು ಮುಟ್ಟಿದರೆ ಗೆಲವು, ಇಲ್ಲವಾದರೆ ಸೋಲು.

ಮೊದಲನೆಯ ರಾತ್ರಿ ಪಾತ್ರಗಳೆಲ್ಲ ಪಾಳುಬಿದ್ದ ದೊರೆಯ ಬಂಗಲೆಯೊಂದರಲ್ಲಿ ಬೀಗ ಹಾಕಿದ ಪೆಟ್ಟಿಗೆಯ ಮುಂದೆ ನಿಂತಿದ್ದವು. ಹುಡುಗಿಯೊಬ್ಬಳು ದಾಳ ಹಾಕಿದಳು, ಮೂರು ಬಿತ್ತು. “ತೆರೆಯಲಿಲ್ಲ” ಎಂದ ನನ್ನ ಅಳಿಯ. ಇನ್ನೊಬ್ಬ ಹಾಕಿದ, ಏಳು. “ಇಲ್ಲ.” ಮತ್ತೆ ಅವಳು, ಮತ್ತೆ ಇಲ್ಲ. ಕಾಲು ಗಂಟೆಯ ಹೊತ್ತು ಪೆಟ್ಟಿಗೆಯೂ ಕಥೆಯೂ ಕದಲಲಿಲ್ಲ. ಮೂರನೆಯ ಹುಡುಗ ಬಾಯಿಬಿಟ್ಟು ಆಕಳಿಸಿದ. ನಾನು ತಡೆಯಲಾರದೆ, “ಅದರೊಳಗೆ ಏನಿದೆಯಪ್ಪಾ?” ಎಂದು ಕೇಳಿದೆ. “ಒಂದು ಪತ್ರ ಇದೆ ಮಾವ. ಅದು ಸಿಕ್ಕದೆ ಕಥೆ ಮುಂದೆ ಹೋಗುವ ಹಾಗಿಲ್ಲ” ಎಂದ. “ಹಾಗಾದರೆ ದಾಳ ಏಕೆ ಹಾಕಿಸಿದೆ?” ಎಂದೆ. ಅವನು ಉತ್ತರ ಹೇಳಲಿಲ್ಲ.

ಈ ಪ್ರಶ್ನೆ ನನಗೆ ಆ ಮೇಜಿನ ಬಳಿ ಹೊಸದಾಗಿ ಹೊಳೆದದ್ದಲ್ಲ. ಘಟ್ಟದ ಕೆಳಗಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ಕೂಡುವುದು ನಮ್ಮ ಕಡೆಯ ವಾಡಿಕೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ಪಾತ್ರವಾಗಿ ಆಶುವಾಗಿ ಮಾತನಾಡುತ್ತಾರೆ. ಅಲ್ಲಿ ದಾಳವಿಲ್ಲ, ನಿಜ. ಆದರೆ ಮಾತು ಕೈಕೊಡುವ ಗಳಿಗೆ ಉಂಟು. ನಾನು ಹತ್ತೊಂಬತ್ತರ ವಯಸ್ಸಿನಲ್ಲಿ ಕಳಸದ ಕಡೆಯ ಒಂದು ಮನೆಯ ಜಗಲಿಯಲ್ಲಿ ‘ಅಂಗದ ಸಂಧಾನ’ದ ಅಂಗದನಾಗಿ ಕುಳಿತಿದ್ದೆ. ರಾವಣನ ಅರ್ಥ ಹೇಳುತ್ತಿದ್ದವರು ನುರಿತವರು. “ತಂದೆಯನ್ನು ಕೊಂದವನ ಕಾಲನ್ನೇ ಹಿಡಿದೆಯಲ್ಲಾ?” ಎಂದು ಕೇಳಿದರು. ಕಲಿತುಹೋಗಿದ್ದ ಉತ್ತರ ಮರೆತುಹೋಯಿತು. ಅವರು ಸಭೆಯ ಕಡೆ ತಿರುಗಿ ಅದನ್ನೇ ಎರಡನೆಯ ಸಲ ಕೇಳಿದರು, ಮೂರನೆಯ ಸಲ ಕೇಳಿದರು, ಜನ ನಕ್ಕರು. ಭಾಗವತರೂ ಮುಂದಿನ ಪದ್ಯವನ್ನು ಎತ್ತಿಕೊಳ್ಳಲಿಲ್ಲ. ಅನಂತರ ಹನ್ನೊಂದು ವರ್ಷ ನಾನು ಅರ್ಥ ಹೇಳಲು ಕೂರಲಿಲ್ಲ.

ಮತ್ತೆ ಕುಳಿತದ್ದು ಕೊಪ್ಪದ ಕಡೆ, ಯಾರೋ ಬರಲಿಲ್ಲವೆಂದು, ಬಲವಂತಕ್ಕೆ. ಅದೇ ಪ್ರಸಂಗ, ಅದೇ ಪ್ರಶ್ನೆ, ಅದೇ ಮರೆವು. ಈ ಸಲದ ರಾವಣ ಒಂದು ಕ್ಷಣ ಕಾದು, ದನಿಯನ್ನು ತಗ್ಗಿಸಿ, “ಮಾತು ಗಂಟಲಿನಲ್ಲಿ ಸಿಕ್ಕಿಕೊಂಡಿತೆ, ಮಗು? ವಾಲಿಯ ಚಿತೆ ನಿನ್ನೊಳಗೆ ಇನ್ನೂ ಆರಿಲ್ಲವೆಂದು ಈಗ ತಿಳಿಯಿತು” ಎಂದರು. ನನ್ನ ಮರೆವು ಅಂಗದನ ದುಃಖವಾಗಿಬಿಟ್ಟಿತು! ಸಭೆ ನಿಶ್ಶಬ್ದವಾಯಿತು. ಆ ದುಃಖದಿಂದಲೇ ನನಗೆ ಮಾತೂ ಹುಟ್ಟಿತು, ಕಲಿತದ್ದಲ್ಲ, ಬೇರೆಯದು. ಎರಡು ರಾತ್ರಿಯೂ ನಾನು ಸೋತವನೇ. ಮೊದಲನೆಯ ರಾತ್ರಿ ಸೋತವನು ಹುಡುಗ. ಎರಡನೆಯ ರಾತ್ರಿ ಸೋತವನು ಅಂಗದ. ಸೂತ್ರಧಾರನಾದವನು ತಿಳಿಯಬೇಕಾದ ಭೇದ ಇದೇ ಎಂದು ನನ್ನ ಮತ. ಗರ ಬೀಳದಿದ್ದಾಗ ಆಟಗಾರನನ್ನು ಅಪಹಾಸ್ಯಕ್ಕೆ ಒಡ್ಡಬಾರದು. ಕಥೆಗೆ ಬೇರೊಂದು ತಿರುವು ಕೊಡಬೇಕು.

ಹೀಗೆಂದ ಮಾತ್ರಕ್ಕೆ ಸೋಲಿಗೆ ಬೆಲೆ ಇರಬಾರದೆಂದಲ್ಲ. ಮಕ್ಕಳು ಬೇಸರಪಟ್ಟಾರೆಂದು ದಾಳವನ್ನು ಮರೆಮಾಡಿ, ಬಿದ್ದ ಮೂರನ್ನು ಹದಿಮೂರೆಂದು ಹೇಳುವ ಸೂತ್ರಧಾರರೂ ಉಂಟಂತೆ. ಅದು ನನಗೆ ಒಪ್ಪಿಗೆಯಿಲ್ಲ. ವ್ಯಾಸರು ಧರ್ಮರಾಯನ ದಾಳವನ್ನು ತಿದ್ದಲಿಲ್ಲ. ರಾಜ್ಯ ಹೋಯಿತು, ತಮ್ಮಂದಿರು ಹೋದರು, ದ್ರೌಪದಿಯನ್ನು ಸಭೆಗೆ ಎಳೆದುತಂದರು. ಆದರೆ ಕಥೆ ಅಲ್ಲಿ ನಿಲ್ಲಲಿಲ್ಲ, ಕಾಡಿಗೆ ನಡೆಯಿತು. ಕಾಡಿನಲ್ಲಿ ಬೃಹದಶ್ವ ಮುನಿ ನಳನ ಕಥೆ ಹೇಳಿ ಅದೇ ಧರ್ಮರಾಯನಿಗೆ ಅಕ್ಷಹೃದಯವನ್ನು ಕಲಿಸಿದ. ಮುಂದೆ ವಿರಾಟನ ಆಸ್ಥಾನದಲ್ಲಿ ಕಂಕನಾಗಿ ಅವನು ಹಿಡಿದದ್ದು ತನ್ನನ್ನು ಕೆಡಿಸಿದ ದಾಳವನ್ನೇ.

ಮೂಡಿಗೆರೆಯಲ್ಲಿದ್ದುಕೊಂಡು ‘ಕರ್ವಾಲೊ’ವನ್ನು ನೆನೆಯದಿರುವುದೂ ಕಷ್ಟ. ಅಲ್ಲಿಯೇ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ಆ ಕಾದಂಬರಿಯಲ್ಲಿ ವಿಜ್ಞಾನಿ, ಮಂದಣ್ಣ, ಬಿರ್ಯಾನಿ ಕರಿಯಪ್ಪ ಮುಂತಾದವರ ವಿಚಿತ್ರ ತಂಡವೊಂದು ಹಾರುವ ಓತಿಯನ್ನು ಅರಸಿ ಕಾಡು ಹೊಗುತ್ತದೆ. ಈ ಹುಡುಗರ ಆಟದ ತಂಡ ಅದಕ್ಕಿಂತ ಎಷ್ಟೂ ಭಿನ್ನವಲ್ಲ. ಕೊನೆಗೆ ಓತಿ ಕೈಗೆ ಸಿಕ್ಕದೆ ಕಮರಿಯ ಆಳಕ್ಕೆ ತೇಲಿಹೋಗುತ್ತದೆ. ಅದನ್ನು ಹಿಡಿದು ಸೀಸೆಗೆ ಹಾಕಿದ್ದರೆ ಆ ಪುಸ್ತಕವನ್ನು ನಾನು ಮತ್ತೊಮ್ಮೆ ಓದುತ್ತಿದ್ದೆನೋ ಇಲ್ಲವೋ.

ಮೂರನೆಯ ರಾತ್ರಿ ಅಳಿಯ ತಾನಾಗಿಯೇ ಈ ಮಾತನ್ನು ಎತ್ತಿದ. ನಾನು ತಾಳಮದ್ದಳೆಯ ಸಂಗತಿ ಹೇಳಿದೆ. ಅವನ ತಾಯಿ ಅಡುಗೆಮನೆಯಿಂದಲೇ, “ನಮಗೆ ಮಾರ್ಚಿ, ಏಪ್ರಿಲ್ಲಿನಲ್ಲಿ ಹೂವಿನ ಮಳೆ ಬಾರದಿದ್ದರೆ ತೋಟ ಬಿಟ್ಟು ಹೋಗುತ್ತೇವೆಯೇ? ಕೆರೆ ಬತ್ತಿದರೂ ಸರಿ, ಡೀಸೆಲ್ಲಿಗೆ ಸಾಲವಾದರೂ ಸರಿ, ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುವುದಿಲ್ಲವೇ?” ಎಂದಳು. ನನ್ನ ವಿವರಣೆಗಿಂತ ಅವನಿಗೆ ಅದೇ ಬೇಗ ಅರ್ಥವಾಯಿತೆಂದು ತೋರುತ್ತದೆ.

ಪೆಟ್ಟಿಗೆಯ ಮುಂದೆ ಹುಡುಗಿ ಮತ್ತೆ ದಾಳ ಹಾಕಿದಳು. ಎರಡು ಬಿತ್ತು. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಬೀಗ ಮುರಿಯಿತು. ಪತ್ರ ನಿನ್ನ ಕೈಯಲ್ಲಿದೆ. ಆದರೆ ಮುರಿದ ಸದ್ದಿಗೆ ಮೇಲಿನ ಅಂತಸ್ತಿನಲ್ಲಿ ಯಾರೋ ಕಂದೀಲು ಹಚ್ಚಿದರು. ಮೆಟ್ಟಿಲ ಮೇಲೆ ಬೆಳಕು ಇಳಿದು ಬರುತ್ತಿದೆ” ಎಂದ.

ಆಕಳಿಸುತ್ತಿದ್ದ ಹುಡುಗ ನೆಟ್ಟಗೆ ಕುಳಿತ. ಒಳಗಿನಿಂದ ನನ್ನ ತಂಗಿ ಊಟಕ್ಕೆ ಕರೆದಳು. ಯಾರೂ ಏಳಲಿಲ್ಲ.