ಯಾರು ಕೊಟ್ಟ ಪದವಿ?

ನಮ್ಮ ಮನೆಗಳಲ್ಲಿ ಪದವಿ ಕಂಡ ಮೊದಲಿಗರು ನಾವು. ಅಕ್ಷರ ತಿಳಿಯದ ಅವ್ವಂದಿರು ಕೂಲಿ ಮಾಡಿ ಓದಿಸಿದ್ದಕ್ಕೆ ಆ ಮಾತಿನ ಬೆಲೆ ನಮಗೆ ಗೊತ್ತು. ಅದಕ್ಕೇ 2019ರ ಡಿಸೆಂಬರಿನಲ್ಲಿ ಚೀನಾದ ಅಧಿಕಾರಿಗಳು ಆಡಿದ ಮಾತೊಂದು ಇನ್ನೂ ನಮ್ಮ ಗಂಟಲ ಮುಳ್ಳಾಗಿದೆ. ಷಿನ್‌ಜಿಯಾಂಗ್ ಪ್ರಾಂತ್ಯದ ಶಿಬಿರಗಳಲ್ಲಿದ್ದವರೆಲ್ಲ 'ಪದವಿ ಮುಗಿಸಿದರು' ಅಂದರು ಅವರು.

ಯಾರು ಈ ಪದವೀಧರರು? 2017ರಿಂದ ಕಾವಲುಗೋಪುರಗಳ ಕೆಳಗೆ, ವಿಚಾರಣೆಯೇ ಇಲ್ಲದೆ ಕೂಡಿಹಾಕಿದ ಉಯ್ಘರ್, ಕಝಕ್ ಮುಸ್ಲಿಮರು. ಅಂದಾಜು ಮಾಡಿದವರು ಹತ್ತು ಲಕ್ಷ ಅಂತಾರೆ. 2018ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಸಮಿತಿಯೆದುರು ಅಂಥ ಶಿಬಿರಗಳೇ ಇಲ್ಲ ಎಂದವರು, ಅಕ್ಟೋಬರಿನಲ್ಲಿ 'ವೃತ್ತಿ ತರಬೇತಿ ಕೇಂದ್ರ' ಅಂತ ಹೆಸರಿಟ್ಟು ಕಾನೂನು ಬರೆದರು. ಒಲ್ಲೆ ಅಂದವನನ್ನ ಹೊರಗೆ ಬಿಡದ ಶಾಲೆ ಯಾವೂರಲ್ಲಿದೆ?

ಇನ್ನು ಪತ್ರಿಕೆಗಳ ಭಾಷೆ ನೋಡಿ. 'ಕೂಡಿಹಾಕಲಾಗಿದೆ ಎನ್ನಲಾಗಿದೆ.' ಎರಡು ಕ್ರಿಯಾಪದ. ಮಾಡಿದವನೂ ಇಲ್ಲ, ಹೇಳಿದವನೂ ಇಲ್ಲ. ಮೇಲೆ ತಲೆಬರಹ: 'ಉಯ್ಘರ್ ಸಮಸ್ಯೆ'. ಬೀಗ ಹಾಕಿದವನಲ್ಲ, ಒಳಗಿದ್ದವನೇ ಸಮಸ್ಯೆ! ನಮ್ಮನ್ನ ಊರಾಚೆ ಇಟ್ಟವರೂ 'ದಲಿತರ ಸಮಸ್ಯೆ' ಅಂತಲೇ ಬರೆದದ್ದು.

ಅಮೆರಿಕದ ಮಾತನ್ನೂ ನಂಬಬೇಡಿ. 2002ರಲ್ಲಿ ಉಯ್ಘರರ ಸಂಘಟನೆಯೊಂದನ್ನ ಭಯೋತ್ಪಾದಕರ ಪಟ್ಟಿಗೆ ಸೇರಿಸಿದ್ದು ಅದೇ. 22 ಉಯ್ಘರರನ್ನ ಗ್ವಾಂಟನಾಮೊ ಸೆರೆಯಲ್ಲಿಟ್ಟಿದ್ದೂ ಅದೇ. 2020ರಲ್ಲಿ ಪಟ್ಟಿಯಿಂದ ಆ ಹೆಸರು ತೆಗೆಯಿತು, 2021ರ ಜನವರಿಯಲ್ಲಿ 'ನರಮೇಧ' ಅಂದಿತು. ಅಮೆರಿಕ-ಚೀನಾ ಜಗಳ ಬಲಿತ ಹಾಗೆ ಉಯ್ಘರನ ಹೆಸರೂ ಬದಲಾಯಿತು.

ಕೆಂಪು ಬಾವುಟ ಕಂಡೊಡನೆ ಬಾಯಿ ಕಟ್ಟಿಕೊಳ್ಳುವ ಗೆಳೆಯರೇ, ಇಲ್ಹಾಮ್ ತೋಹ್ತಿ ಬಾಂಬು ಹಾಕಿದವನಲ್ಲ. ಬೀಜಿಂಗಿನಲ್ಲಿ ಅರ್ಥಶಾಸ್ತ್ರ ಕಲಿಸಿದ ಮೇಷ್ಟ್ರು. 2014ರಲ್ಲಿ 'ಪ್ರತ್ಯೇಕತಾವಾದಿ' ಎಂಬ ಒಂದು ಪದ ಹಚ್ಚಿ ಜೀವಾವಧಿ ಕೊಟ್ಟರು. ತನ್ನ ಜನರ ಜಾನಪದ ಕೂಡಿಸಿದ ರಾಹಿಲೆ ದಾವುತ್ 2017ರಲ್ಲಿ ಕಾಣೆಯಾದಳು. ಅವಳಿಗೂ ಜೀವಾವಧಿ ಅಂತ ಹೊರಗೆ ತಿಳಿದದ್ದು 2023ರಲ್ಲಿ. ಇತ್ತ ಪಕ್ಕದ ಕೇರಿಯ ಸಾಬರನ್ನ ದ್ವೇಷಿಸುತ್ತ ಉಯ್ಘರರಿಗೆ ಕಣ್ಣೀರು ಸುರಿಸುವವರ ಸಾಲಿಗೂ ನಾವು ಸೇರೋರಲ್ಲ.

2022ರ ಅಕ್ಟೋಬರ್ 6ರಂದು ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯಲ್ಲಿ ಈ ವಿಷಯ ಚರ್ಚಿಸೋಣ ಎಂಬ ನಿರ್ಣಯವೇ ಬಿದ್ದುಹೋಯಿತು. ಪರ 17, ವಿರುದ್ಧ 19, ತಟಸ್ಥ 11. ಆ ಹನ್ನೊಂದರಲ್ಲಿ ಭಾರತವೂ ಒಂದು. ತಟಸ್ಥ ಅಂದರೆ ದಡದಲ್ಲಿ ನಿಂತವನು. ಹೊಳೆಯಲ್ಲಿ ಒಬ್ಬ ಮುಳುಗುತ್ತಿದ್ದಾನೆ ಅನ್ನೋದನ್ನ ಆ ಪದ ಹೇಳೋದಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಮಕ್ಕಳಿಗೆ ಪತ್ರಿಕೆ ಓದಿಸುವಾಗ ಪ್ರತಿ 'ಲಾಗಿದೆ'ಯ ಕೆಳಗೂ ಗೆರೆ ಎಳೆಸಿ. 'ಯಾರು ಮಾಡಿದ್ದು?' ಅಂತ ಕೇಳೋದು ಕಲಿಸಿ. ಆ ಪ್ರಶ್ನೆ ಕಲಿತ ಮಗುವಿನ ಪದವಿಗೆ ಅರ್ಥ ಉಂಟು.