ಗಾಡಿ ನಿಲ್ಲುವ ಜಾಗ

ಶಿವರಾತ್ರಿಯ ಸಿದ್ಧಗಂಗೆಯ ಜಾತ್ರೆಗೆ ಸುತ್ತಣ ಹಳ್ಳಿಗಳ ರೈತರು ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲದಲ್ಲಿ, ಗಾಡಿಗೆ ಜಾಗವೆಲ್ಲಿ ಎಂಬ ಪ್ರಶ್ನೆ ಯಾರನ್ನೂ ಬಾಧಿಸಲಿಲ್ಲ. ಬಯಲಿತ್ತು, ಗುಂಡುತೋಪಿನ ನೆರಳಿತ್ತು. ಇಂದು ವಸಂತನರಸಾಪುರದ ಕೈಗಾರಿಕಾ ಪ್ರದೇಶವು ಬೆಳೆದಿರುವ ಕೋರದ ಸೀಮೆಯಲ್ಲಿ ಗುಂಟೆ ನೆಲಕ್ಕೂ ಲೆಕ್ಕವುಂಟು. ಕಲ್ಯಾಣಮಂಟಪವನ್ನಾಗಲಿ ಆಟದ ಅಂಗಣವನ್ನಾಗಲಿ ಕಟ್ಟುವವರು ವಾಹನಗಳಿಗೆ ಎಷ್ಟು ನೆಲ ಬಿಡಬೇಕು?

ಉತ್ತರವನ್ನು ಮಂಜುಗಡ್ಡೆಯ ಸ್ಕೇಟಿಂಗ್ ಅಂಗಣದಿಂದ ಕಲಿಯಬಹುದು. ನಮ್ಮ ದೇಶದಲ್ಲಿ ಇಂಥವು ವಿರಳ. ಸಿಮ್ಲಾದ ಬಯಲು ಅಂಗಣ 1920ರದು, ಡೆಹ್ರಾಡೂನಿನ ಒಳಾಂಗಣ 2011ರದು. ಅರವತ್ತು ಮೀಟರ್ ಉದ್ದ, ಮೂವತ್ತು ಮೀಟರ್ ಅಗಲದ ಅಂಗಣವೆಂದರೆ 1,800 ಚದರ ಮೀಟರ್. ಆದರೆ ಕಾರಿನಲ್ಲಿ ಬರುವುದು ಅಂಗಣದ ವಿಸ್ತಾರವಲ್ಲ, ಜನ. ಒಂದು ತಂಡದಲ್ಲಿ 120 ಮಂದಿ, ಕಾರಿಗೆ ಮೂವರು ಎಂದಿಟ್ಟುಕೊಂಡರೆ ನಲವತ್ತು ಕಾರುಗಳಾದುವು. ಮೊದಲ ತಂಡ ಹೊರಡುವ ಮುನ್ನವೇ ಎರಡನೆಯದು ಬಂದಿಳಿದರೆ ಎಂಬತ್ತು! ದಾರಿಯೂ ಸೇರಿ ಕಾರೊಂದಕ್ಕೆ 25 ಚದರ ಮೀಟರ್ ಹಿಡಿದರೂ, ಹೆಚ್ಚಿನ ನಲವತ್ತಕ್ಕೆ ಸುಮಾರು ಹತ್ತು ಗುಂಟೆ ಬೇಕು. ಆಟದ ನಡುವೆ ಯಂತ್ರದಿಂದ ಮಂಜುಗಡ್ಡೆಯನ್ನು ನುಣುಪುಗೊಳಿಸಲು ಬಿಡುವು ಹೇಗೂ ಉಂಟು. ಅದನ್ನು ಅರ್ಧ ಗಂಟೆಗೆ ಹಿಗ್ಗಿಸಿದರೆ ಆ ಹತ್ತು ಗುಂಟೆ ಉಳಿಯುತ್ತದೆ. ನೆಲವನ್ನು ಉಳಿಸುವುದು ಇಲ್ಲಿ ಗಡಿಯಾರ.

ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರ ತಮ್ಮ ಗ್ರಂಥದಲ್ಲಿ, ಕಟ್ಟಡಕ್ಕೆ ಇಷ್ಟು ಜಾಗವೆಂದು ಕುರುಡಾಗಿ ವಿಧಿಸುವ ನಿಯಮಗಳನ್ನು ಖಂಡಿಸಿದರು. ಹಿಮ ಸುರಿಯುವ ಬಫಲೋ ನಗರವು 2017ರಲ್ಲಿ ಅಂಥ ಕಡ್ಡಾಯವನ್ನೇ ಕೈಬಿಟ್ಟಿತು.

ಮದುವೆಯ ಮಾತು ಬೇರೆ. ಮುಹೂರ್ತವನ್ನು ಅರ್ಧ ಗಂಟೆ ಮುಂದೂಡಿರೆಂದು ಪುರೋಹಿತರನ್ನು ಕೇಳಲಾಗದು. ಧಾರೆಗೆ ಬಂದವರು ಊಟ ಮುಗಿಯುವವರೆಗೂ ಏಳರು. ಆದರೆ ಲಗ್ನದ ದಿನಗಳು ವರ್ಷಕ್ಕೆ ಕೆಲವೇ. ಆ ಕೆಲವು ದಿನಗಳಿಗಾಗಿ ವರ್ಷವಿಡೀ ಬರಿದಾಗಿರುವ ನೆಲವನ್ನು ಕೊಳ್ಳುವುದಕ್ಕಿಂತ, ಭಾನುವಾರ ಬಿಡುವಾಗಿರುವ ಶಾಲೆಯ ಬಯಲನ್ನೋ ಸಂತೆಯಿಲ್ಲದ ದಿನದ ಸಂತೆಮಾಳವನ್ನೋ ಒಪ್ಪಂದದಿಂದ ಬಳಸಿಕೊಳ್ಳುವುದು ಜಾಣತನ.

ಹಾಗೆಂದು ಲೆಕ್ಕವನ್ನೇ ಬಿಟ್ಟರೆ ವಾಹನಗಳು ರಸ್ತೆಯಂಚಿನಲ್ಲಿ ಸಾಲುಗಟ್ಟುತ್ತವೆ. ನಡೆದು ಬರುವ ಮುದುಕಿ, ಕೈಹಿಡಿದ ಮಗು ಲಾರಿಗಳ ದಾರಿಗೆ ಇಳಿಯಬೇಕಾಗುತ್ತದೆ. ಹೆಚ್ಚು ಬಿಟ್ಟರೆ ಹೊಲಕ್ಕೆ ನಷ್ಟ, ಕಡಿಮೆ ಬಿಟ್ಟರೆ ಜೀವಕ್ಕೆ ಭಯ. ಅಡಿಪಾಯ ತೋಡುವ ಮೊದಲು ಒಂದು ಜನಭರಿತ ದಿನ ರಸ್ತೆಬದಿಯಲ್ಲಿ ನಿಂತು, ಬರುವವರನ್ನೂ ಅವರು ನಿಲ್ಲುವ ಹೊತ್ತನ್ನೂ ಎಣಿಸುವುದಕ್ಕೆ ತಗಲುವ ವೆಚ್ಚ ಒಂದು ದಿನದ ಶ್ರಮ ಮಾತ್ರ.