44 ಸುತ್ತು ತಿರುಗಿಸಲೇಬೇಕೇ?

1933ರ ಕೊನೆಯಲ್ಲಿ ಮೊದಲ ಬಾರಿ ಹಾರಿದ ಸೋವಿಯತ್ ಯುದ್ಧವಿಮಾನ ಐ-16ರಲ್ಲಿ ಚಕ್ರಗಳನ್ನು ಒಳಗೆಳೆದುಕೊಳ್ಳಲು ಗುಂಡಿ ಇರಲಿಲ್ಲ. ನೆಲ ಬಿಟ್ಟ ಮೇಲೆ ಪೈಲಟ್ ಸ್ಟಿಕ್ಕನ್ನು ಬಲಗೈಯಿಂದ ಎಡಗೈಗೆ ದಾಟಿಸಿಕೊಂಡು, ಬಲಗಡೆಯ ಹಿಡಿಯನ್ನು ಹಳೇ ಹೊಲಿಗೆ ಯಂತ್ರದ ಹಾಗೆ 44 ಸುತ್ತು ತಿರುಗಿಸಬೇಕಿತ್ತು. ಅಷ್ಟು ಹೊತ್ತೂ ವಿಮಾನದ ಮೂತಿ ಮೇಲೆ ಕೆಳಗೆ ತೂಗಾಡುತ್ತಿತ್ತು.

ಈ ವಿಮಾನವನ್ನು ಕಂಪ್ಯೂಟರಿನಲ್ಲಿ ಹಾರಿಸುವವರು ಏನು ಮಾಡಬೇಕು? ಒಂದು ಕೀಲಿ ಒತ್ತಿದರೆ ಚಕ್ರ ಒಳಗೆ ಹೋಗಬೇಕೋ, 44 ಸಲ ಒತ್ತಬೇಕೋ? ಆಟದ ಫೈಲುಗಳನ್ನು ತಿದ್ದಿ ಕಂಟ್ರೋಲುಗಳ ನಡವಳಿಕೆ ಬದಲಿಸುವುದನ್ನು ಮಾಡ್ ಮಾಡುವುದು ಅನ್ನುತ್ತಾರೆ. ಯುದ್ಧವಿಮಾನದ ಸಿಮ್ಯುಲೇಟರ್ ಆಡುವವರ ನಡುವೆ ಈ ಜಗಳ ಹಳೆಯದು. ಒಂದು ಗುಂಪಿಗೆ ಯಾವ ಸೌಲಭ್ಯವೂ ಮೋಸ. ಇನ್ನೊಂದು ಗುಂಪು 'ಇದು ಆಟ ತಾನೇ, ಬಿಡಿ' ಅನ್ನುತ್ತದೆ. ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ ಎಂದು ನನ್ನ ಅನಿಸಿಕೆ. ಎರಡು ಬೇರೆ ಬೇರೆ ಕಷ್ಟಗಳನ್ನು ಒಂದೇ ಎಂದುಕೊಂಡಿದ್ದಾರೆ.

ಮೊದಲನೆಯದು ಬೆರಳಿನ ಕಷ್ಟ. ಡಿಸಿಎಸ್ ವರ್ಲ್ಡ್ ಎಂಬ ಸಿಮ್ಯುಲೇಟರಿನಲ್ಲಿ ಕಾಕ್‌ಪಿಟ್ಟಿನ ಸ್ವಿಚ್ಚುಗಳನ್ನು ಮೌಸಿನಿಂದ ಒತ್ತಬಹುದು. 'ಶಾರ್ಟ್‌ಕಟ್ ಬೇಡ, ಅಲ್ಲೇ ಹುಡುಕಿ ಒತ್ತು, ಅದೇ ನಿಜ' ಅನ್ನುವವರಿದ್ದಾರೆ. ಆದರೆ ಎರಡನೇ ಮಹಾಯುದ್ಧದ ಪೈಲಟ್‌ಗಳಿಗೆ ತರಬೇತಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ಪ್ರತಿ ಲಿವರನ್ನೂ ಮುಟ್ಟಿ ಗುರುತಿಸುವ ಪರೀಕ್ಷೆ ಇರುತ್ತಿತ್ತು. ಅವರ ಕೈಗೆ ದಾರಿ ಗೊತ್ತಿತ್ತು. ಶತ್ರು ಹಿಂದೆ ಬಿದ್ದಿರುವಾಗ ಬಾಣದ ಗುರುತನ್ನು ಸಣ್ಣ ಸ್ವಿಚ್ಚಿನ ಮೇಲೆ ಕೂರಿಸಲು ಒದ್ದಾಡುವುದು ಯಾವ ಪೈಲಟ್ಟಿನ ಅನುಭವವೂ ಅಲ್ಲ, ಅದು ಮೌಸಿನ ಸಮಸ್ಯೆ. ಆಟದ ಲುವಾ ಫೈಲಿಗೆ ಎರಡು ಸಾಲು ಸೇರಿಸಿ ಆ ಸ್ವಿಚ್ಚನ್ನು ಬೆರಳ ತುದಿಗೆ ತಂದುಕೊಂಡವರು ನಿಜಕ್ಕೆ ಹತ್ತಿರವಾದರೇ ಹೊರತು ದೂರವಾಗಲಿಲ್ಲ.

ಎರಡನೆಯದು ತೀರ್ಮಾನದ ಕಷ್ಟ. ಜರ್ಮನಿಯ ಫೋಕೆವುಲ್ಫ್ 190ರ ಬಿಎಂಡಬ್ಲ್ಯೂ 801 ಎಂಜಿನ್ನಿಗೆ 'ಕೊಮಾಂಡೊಗೆರೆಟ್' ಎಂಬ ಯಂತ್ರ ಇತ್ತು. ಪೈಲಟ್ ಒಂದು ಲಿವರ್ ತಳ್ಳಿದರೆ ಸಾಕು. ಪ್ರೊಪೆಲ್ಲರಿನ ಕೋನ, ಇಂಧನ-ಗಾಳಿಯ ಮಿಶ್ರಣ, ಸೂಪರ್‌ಚಾರ್ಜರಿನ ಗೇರು ಎಲ್ಲವನ್ನೂ ಅದೇ ಹೊಂದಿಸುತ್ತಿತ್ತು. ಎದುರಿಗಿದ್ದ ಸೋವಿಯತ್ ಲಾ-5ರಲ್ಲಿ ಅದಕ್ಕೆಲ್ಲ ಬೇರೆ ಬೇರೆ ಲಿವರುಗಳು. ಎಂಜಿನ್ ಬಿಸಿಯಾಗದಂತೆ ಗಾಳಿಯ ಬಾಗಿಲುಗಳನ್ನೂ ಪೈಲಟ್ಟೇ ನೋಡಿಕೊಳ್ಳಬೇಕು. ಜರ್ಮನ್ ಪೈಲಟ್ ಕತ್ತು ತಿರುಗಿಸಿ ಆಕಾಶ ನೋಡುವ ಹೊತ್ತಿನಲ್ಲಿ ಇವನ ಅರ್ಧ ಗಮನ ಎಂಜಿನ್ನಿನ ಮೇಲೆ. ಲಾ-5ಕ್ಕೂ ಎಲ್ಲ ತಾನಾಗಿಯೇ ನಡೆಯುವಂತೆ ಮಾಡ್ ಹಾಕಿದರೆ ಹೋಗುವುದು ಬೆರಳಿನ ಶ್ರಮ ಮಾತ್ರವಲ್ಲ, ಎರಡು ದೇಶಗಳ ಎಂಜಿನಿಯರುಗಳ ನಡುವಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಆ ಕೊರತೆಯನ್ನು ಹೊತ್ತುಕೊಂಡೇ ಗೆದ್ದವರ ಕಥೆಯೂ ಅದರ ಜೊತೆ ಹೋಗುತ್ತದೆ.

ಕಂಟ್ರೋಲ್ ಬದಲಿಸುವುದೇ ಅಪಚಾರ ಅನ್ನುವವರಿಗೆ ಒಂದು ನಿಜವಾದ ವಾಯುಪಡೆಯ ಉದಾಹರಣೆ. ಫ್ರಾನ್ಸಿನವರು ಅಮೆರಿಕದಿಂದ ತರಿಸಿಕೊಂಡ ಕರ್ಟಿಸ್ ಹಾಕ್ ವಿಮಾನಗಳಲ್ಲಿ ಥ್ರಾಟಲ್ ತಿರುಗುಮುರುಗು: ವೇಗ ಬೇಕೆಂದರೆ ಹಿಂದಕ್ಕೆ ಎಳೆಯಬೇಕು. 1940ರಲ್ಲಿ ಫ್ರಾನ್ಸ್ ಸೋತ ಮೇಲೆ ಇವು ಬ್ರಿಟಿಷರ ಕೈಗೆ ಬಂದು ಮೊಹಾಕ್ ಎಂಬ ಹೆಸರು ಪಡೆದವು. ಬ್ರಿಟಿಷರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಥ್ರಾಟಲನ್ನು ಮುಂದಕ್ಕೆ ತಳ್ಳುವಂತೆ ಬದಲಿಸಿದ್ದು. ಗಾಬರಿಯಲ್ಲಿ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಮೊಹಾಕ್‌ಗಳು ಆಮೇಲೆ ಭಾರತದ ನೆಲೆಗಳಿಂದ ಬರ್ಮಾದ ಮೇಲೆ ಹಾರಿದವು. 1942ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಜೋಡಿಸಿ ಹಾರಿಸಿದ ಹಾಕ್ ಕೂಡ ಇದೇ ಕುಟುಂಬದ್ದು. ಥ್ರಾಟಲಿನ ದಿಕ್ಕು ಬದಲಾಯಿತೆಂದು ಎಂಜಿನ್ನಿನ ಬಲ ಹೆಚ್ಚಲಿಲ್ಲ. ಬೆರಳಿಗೆ ಅನುಕೂಲವಾಯಿತು, ತೀರ್ಮಾನ ಪೈಲಟ್ಟಿನ ಬಳಿಯೇ ಉಳಿಯಿತು.

ನನ್ನ ಕಸುಬು ಅನುವಾದ. ಅಲ್ಲೂ ದಿನಾ ಎದುರಾಗುವುದು ಇದೇ ಪ್ರಶ್ನೆ. ಮೂಲ ಲೇಖಕಿ ಬೇಕೆಂದೇ ತೊಡಕಾಗಿ ಬರೆದ ವಾಕ್ಯವನ್ನು ಸಲೀಸು ಮಾಡುವ ಹಕ್ಕು ನನಗಿಲ್ಲ. ಆದರೆ ನನ್ನ ಕನ್ನಡ ಎಡವಿದ್ದರಿಂದ ತೊಡಕಾದ ವಾಕ್ಯವನ್ನು 'ಮೂಲನಿಷ್ಠೆ' ಎಂದು ಹಾಗೇ ಬಿಟ್ಟರೆ ಅದು ಸೋಮಾರಿತನ.

ಇದನ್ನೆಲ್ಲ ಬರೆಯಲು ಕಾರಣ ಪುಣೆಯಲ್ಲಿರುವ ನನ್ನ ಗೆಳೆಯ. ಅಪಘಾತದಲ್ಲಿ ಪೆಟ್ಟಾದ ಅವನ ಬಲಗೈಯ ಎರಡು ಬೆರಳು ಈಗಲೂ ಸರಿಯಾಗಿ ಮಡಚುವುದಿಲ್ಲ. ಮೂರು ಕೀಲಿ ಒಟ್ಟಿಗೆ ಒತ್ತಬೇಕಾದ ಕಡೆ ಒಂದೇ ಕೀಲಿ ಸಾಕಾಗುವಂತೆ ಅವನು ಫೈಲು ತಿದ್ದಿಕೊಂಡಿದ್ದ. ಒಟ್ಟಿಗೆ ಆಡುವ ಒಂದು ಗುಂಪು 'ನಮ್ಮದು ಪೂರ್ತಿ ರಿಯಲಿಸ್ಟಿಕ್' ಎಂದು ಅವನನ್ನು ಹೊರಗಿಟ್ಟಿತು. ಮೇಜಿನ ಮೇಲೆ ದುಬಾರಿ ಜಾಯ್‌ಸ್ಟಿಕ್ಕು, ಪೆಡಲು ಜೋಡಿಸಿಕೊಂಡು ಹತ್ತು ಗುಂಡಿ ಬೆರಳ ಕೆಳಗೇ ಇಟ್ಟುಕೊಂಡವರಿಗೆ ಆ ನಿಯಮ ಅಡ್ಡ ಬರಲಿಲ್ಲ. ಅಲ್ಲಿ ರಿಯಲಿಸಂ ಎಂದರೆ ಗಟ್ಟಿ ಕೈ, ತುಂಬಿದ ಜೇಬು ಅಷ್ಟೇ.

ಒಬ್ಬರೇ ಆಡುವಾಗ ಯಾರು ಏನು ಮಾಡಿಕೊಂಡರೂ ಅವರಿಷ್ಟ. ಒಟ್ಟಿಗೆ ಆಡುವ ಆಟ ನಡೆಸುವವರಿಗೆ ನನ್ನ ಕೋರಿಕೆ ಇಷ್ಟೇ: ಮಾಡ್‌ಗಳನ್ನು ಎರಡು ಪಟ್ಟಿ ಮಾಡಿ. ಕೀಲಿ, ಸ್ವಿಚ್ಚು, ಪೆಡಲುಗಳ ಜಾಗ ಬದಲಿಸುವುದಕ್ಕೆಲ್ಲ ಕೇಳದೆಯೇ ಅನುಮತಿ ಕೊಡಿ. ವಿಮಾನಕ್ಕೆ ಇಲ್ಲದ ಬುದ್ಧಿಯನ್ನು ಅದಕ್ಕೆ ಕೊಡುವುದನ್ನು ತಡೆಯಿರಿ.

ಹಾಗಾದರೆ ಐ-16ರ ಚಕ್ರ? ಒಂದೇ ಕೀಲಿ ಇರಲಿ, ಆದರೆ ಅದನ್ನು 44 ಸುತ್ತಿಗೆ ಹಿಡಿಯುವಷ್ಟು ಹೊತ್ತು ಒತ್ತಿಕೊಂಡೇ ಇರಬೇಕು. ಅಷ್ಟು ಹೊತ್ತೂ ಮೂತಿ ತೂಗಾಡಲಿ. ಆಗ ಯಾರಾದರೂ ಹಿಂದಿನಿಂದ ಬಂದು ಹೊಡೆದುರುಳಿಸಿದರೆ ನಾನಾಗಲಿ, ನನ್ನ ಗೆಳೆಯನಾಗಲಿ ತಕರಾರು ಮಾಡುವುದಿಲ್ಲ.